ಒಂದೇ ಕೆರೆಗೆ ಮೂವತ್ತು ಸಲ: ಸುತ್ತಾಟ, ಹವ್ಯಾಸ, ಕೈಕೆಲಸದಿಂದ ಮನೆಶಾಲೆ ನಡೆಸುವ ಬಗೆ

ನಮ್ಮ ಮನೆಶಾಲೆಗೆ ಈಗ ನಾಲ್ಕು ವರ್ಷ. ಮಗಳಿಗೆ ಹನ್ನೊಂದು, ಮಗನಿಗೆ ಎಂಟು. ಇರುವುದು ಮೈಸೂರಿನಲ್ಲಿ. "ಶಾಲೆಗೆ ಕಳಿಸದೆ ಹೇಗೆ ಕಲಿಸ್ತೀರಿ? ಎಲ್ಲಿಂದ ಶುರು ಮಾಡೋದು?" ಎಂದು ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಅವರಿಗೆಲ್ಲ ಫೋನಿನಲ್ಲಿ ಹೇಳುತ್ತಾ ಬಂದದ್ದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮೊದಲ ವರ್ಷ ನಾವು ಮಾಡಿದ್ದು ಬರೀ ಓಡಾಟ. ಮೃಗಾಲಯ, ರೈಲ್ವೆ ಮ್ಯೂಸಿಯಂ, ಅರಮನೆ, ರಂಗನತಿಟ್ಟು, ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ, ಎಲ್ಲವನ್ನೂ ಮೂರು ತಿಂಗಳಲ್ಲಿ ಮುಗಿಸಿದೆವು. ನೂರಾರು ಫೋಟೋ ತೆಗೆದೆವು. ಸ್ವಲ್ಪ ದಿನ ಬಿಟ್ಟು ಮಗಳನ್ನು "ರಂಗನತಿಟ್ಟಿನಲ್ಲಿ ಏನು ನೋಡಿದೆ ಪುಟ್ಟಿ?" ಎಂದು ಕೇಳಿದೆ. "ಹಕ್ಕಿ" ಎಂದಳು. ಯಾವ ಹಕ್ಕಿ, ಏನು ಮಾಡುತ್ತಿತ್ತು, ಒಂದೂ ನೆನಪಿರಲಿಲ್ಲ. ಅವಳ ತಪ್ಪೇನೂ ಇಲ್ಲ. ಅರ್ಧ ದಿನದಲ್ಲಿ ಅಷ್ಟೊಂದು ತೋರಿಸಿದರೆ ಯಾರಿಗೆ ನೆನಪಿರುತ್ತದೆ?

ಆಮೇಲೆ ದೂರದ ಊರುಗಳನ್ನು ಬಿಟ್ಟು ವಾರಕ್ಕೊಮ್ಮೆ ಕುಕ್ಕರಹಳ್ಳಿ ಕೆರೆಗೆ ಹೋಗಲು ಶುರು ಮಾಡಿದೆವು. ಅದೇ ಕೆರೆ, ಅದೇ ದಾರಿ, ಅದೇ ಕಲ್ಲುಬೆಂಚು. ಹತ್ತನೇ ಸಲಕ್ಕೋ ಏನೋ, ಮಗಳು ನನ್ನ ಸೆರಗು ಹಿಡಿದು ಎಳೆದು, "ಅಮ್ಮ, ಆ ಕಪ್ಪು ಹಕ್ಕಿ ಬಟ್ಟೆ ಒಣಹಾಕಿದ ಹಾಗೆ ರೆಕ್ಕೆ ಬಿಚ್ಚಿಕೊಂಡು ಕೂತಿದೆಯಲ್ಲ, ಯಾಕೆ? ಬಾತುಕೋಳಿ ಹಾಗೆ ಮಾಡಲ್ವಲ್ಲ" ಎಂದಳು. ಅದು ನೀರುಕಾಗೆ. ಅದರ ಗರಿ ನೀರು ಹೀರಿಕೊಳ್ಳುತ್ತದೆ. ಮೈ ಭಾರವಾದರೆ ಮೀನಿನ ಹಿಂದೆ ಮುಳುಗುವುದು ಸುಲಭ. ಆದರೆ ಮೇಲೆ ಬಂದಮೇಲೆ ರೆಕ್ಕೆ ಒಣಗಿಸಿಕೊಳ್ಳಲೇಬೇಕು. ಆ ಪ್ರಶ್ನೆ ಬಂದ ದಿನವೇ ನಮ್ಮ ಮನೆಶಾಲೆ ನಿಜವಾಗಿ ಶುರುವಾಯಿತು ಎಂದು ನನಗೆ ಅನಿಸುತ್ತದೆ.

ಹಾಗಾಗಿ ಈ ಬರಹದಲ್ಲಿ ನಾನು ಹೇಳುವುದೆಲ್ಲ ಒಂದೇ ಮಾತಿನ ಸುತ್ತ ಇದೆ. ಕಡಿಮೆ ಜಾಗಕ್ಕೆ ಹೋಗಿ, ಮತ್ತೆ ಮತ್ತೆ ಹೋಗಿ, ಪ್ರತಿ ಸಲ ಒಂದೇ ಪ್ರಶ್ನೆ ಹಿಡಿದು ಹೋಗಿ, ಮನೆಗೆ ಬಂದಮೇಲೆ ಕೈಯಲ್ಲಿ ಏನಾದರೂ ಮಾಡಿ.

ಹೆಜ್ಜೆ 1: ಕಾಗದಪತ್ರ ಮತ್ತು ಕಾನೂನು

ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ರಿಂದ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಕೊಡಬೇಕೆಂದು ಅದು ಸರ್ಕಾರಕ್ಕೆ ಹೇಳುತ್ತದೆ. ಮನೆಯಲ್ಲೇ ಕಲಿಸುವವರಿಗಾಗಿ ಅದರಲ್ಲಿ ಪ್ರತ್ಯೇಕ ನಿಯಮ ಇಲ್ಲ. ನಮಗೆ ಧೈರ್ಯ ಕೊಟ್ಟದ್ದು ಇನ್ನೊಂದು ಅಂಶ. ಶಾಲೆಗೆ ಸೇರದೇ ಇರುವ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಎಂದು ಅದೇ ಕಾಯ್ದೆಯಲ್ಲಿದೆ. ಅಂದರೆ ಒಂದು ವರ್ಷ ನೋಡಿ, ಇದು ನಮಗೆ ಆಗಿಬರುವುದಿಲ್ಲ ಅನಿಸಿದರೆ ವಾಪಸ್ ಹೋಗಲು ದಾರಿ ಇದೆ.

ಶಾಲೆ ಬಿಡಿಸುವಾಗ ಜಗಳ ಮಾಡಿಕೊಂಡು ಬರಬೇಡಿ. ಟಿ.ಸಿ., ಅಂಕಪಟ್ಟಿ, ಜನನ ಪ್ರಮಾಣಪತ್ರ, ಆಧಾರ್ ಎಲ್ಲ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಮನೆಯಲ್ಲಿ ಹಗಲು ಹೊತ್ತು ಮಕ್ಕಳ ಜೊತೆ ಇರುವವರು ಯಾರು ಎಂಬುದನ್ನು ಗಂಡ ಹೆಂಡತಿ ಕೂತು ಮೊದಲೇ ತೀರ್ಮಾನಿಸಿ. ಇಬ್ಬರೂ ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಸಂಜೆ ಏಳಕ್ಕೆ ಬರುವ ಮನೆಯಲ್ಲಿ ಇದು ನಡೆಯುವುದು ಬಹಳ ಕಷ್ಟ. ಅದನ್ನು ಮುಚ್ಚಿಟ್ಟು ಆಸೆ ಹುಟ್ಟಿಸಲು ನನಗೆ ಇಷ್ಟವಿಲ್ಲ.

ಹೆಜ್ಜೆ 2: ಮೊದಲ ಎರಡು ತಿಂಗಳು ಸುಮ್ನೆ ಇರಿ

ಶಾಲೆ ಬಿಟ್ಟ ಮಗುವಿಗೆ ಮಾರನೇ ದಿನವೇ ಟೈಂಟೇಬಲ್ ಹಾಕಬೇಡಿ. ಬೆಳಗಿನ ಕೆಲಸ, ಊಟ, ಆಟ, ಓದಿ ಹೇಳುವ ಕತೆ, ಇಷ್ಟೇ ಸಾಕು. ಈ ಸಮಯದಲ್ಲಿ ನೀವು ಮಾಡಬೇಕಾದದ್ದು ಗಮನಿಸುವುದು. ಯಾರೂ ಹೇಳದಿದ್ದರೂ ಮಗು ಯಾವುದನ್ನು ಕೈಗೆತ್ತಿಕೊಳ್ಳುತ್ತದೆ? ನನ್ನ ಮಗ ಕೆಟ್ಟ ಟಾರ್ಚು, ಹಳೆಯ ಗಡಿಯಾರ, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚುತ್ತಿದ್ದ. ಮಗಳು ಎಲ್ಲವನ್ನೂ ಸಾಲಾಗಿ ಜೋಡಿಸಿ ಎಣಿಸುತ್ತಿದ್ದಳು. ಮುಂದೆ ಅವರ ಹವ್ಯಾಸಗಳು ಹುಟ್ಟಿದ್ದು ಅದರಿಂದಲೇ.

ಹೆಜ್ಜೆ 3: ಒಂದು ಜಾಗವನ್ನು ನಿಮ್ಮದಾಗಿಸಿಕೊಳ್ಳಿ

ನಡೆದುಕೊಂಡು ಹೋಗುವಷ್ಟು ದೂರದಲ್ಲಿ, ಇಲ್ಲವೇ ಒಂದೇ ಬಸ್ಸಿನಲ್ಲಿ ತಲುಪುವಷ್ಟು ದೂರದಲ್ಲಿ ಒಂದು ಜಾಗ ಹುಡುಕಿ. ಕೆರೆ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಪಾರ್ಕು, ಊರ ಹೊರಗಿನ ತೋಟ, ಗುಡ್ಡ, ಕೊನೆಗೆ ಬೀದಿಯಲ್ಲಿರುವ ಒಂದು ಹೊಂಗೆ ಮರವೂ ಆದೀತು. ವಾರದಲ್ಲಿ ಒಂದು ದಿನ, ಒಂದೇ ಹೊತ್ತಿಗೆ ಹೋಗಿ. ನಮ್ಮದು ಗುರುವಾರ ಬೆಳಿಗ್ಗೆ ಏಳು ಗಂಟೆ.

ಮೊದಲ ನಾಲ್ಕೈದು ವಾರ ಮಕ್ಕಳಿಗೆ ಬೇಜಾರಾಗುತ್ತದೆ. "ಮತ್ತೆ ಅಲ್ಲಿಗೇನಾ?" ಎಂದು ಮುಖ ಊದಿಸುತ್ತಾರೆ. ಅಲ್ಲಿಗೆ ಬಿಟ್ಟುಬಿಡಬೇಡಿ. ಜಾಗ ಪರಿಚಯ ಆದಮೇಲೇ ಬದಲಾವಣೆ ಕಣ್ಣಿಗೆ ಬೀಳುವುದು. ಹೋದ ವಾರ ಇಲ್ಲದ ಹಕ್ಕಿ ಈ ವಾರ ಬಂದಿದೆ ಅಂತ ಗೊತ್ತಾಗಬೇಕಾದರೆ ಹೋದ ವಾರ ನಾವು ಅಲ್ಲಿ ಇರಬೇಕು, ಅಲ್ವಾ?

ಹೊಂಗೆ ಮರದ ವಿಷಯ ಹೇಳಿದೆನಲ್ಲ, ಅದನ್ನು ಹೀಗೆ ಮಾಡಿ. ಕೈಗೆ ಸಿಗುವ ಒಂದು ಚಿಕ್ಕ ರೆಂಬೆಗೆ ಬಣ್ಣದ ದಾರ ಕಟ್ಟಿ. ವಾರಕ್ಕೊಮ್ಮೆ ಆ ರೆಂಬೆಯ ಎಲೆ ಎಣಿಸಿ ಬರೆಯಿರಿ. ಎಷ್ಟು ಹಣ್ಣೆಲೆ, ಎಷ್ಟು ಚಿಗುರು, ಹೂವು ಬಂತಾ, ಎಲೆಯಲ್ಲಿ ಹುಳು ಕೊರೆದ ಗೆರೆ ಇದೆಯಾ. ಯುಗಾದಿ ಹತ್ತಿರ ಬರುವಾಗ ಮರ ಹಳೆ ಎಲೆ ಉದುರಿಸಿ ಹೊಳೆಯುವ ಹೊಸ ಎಲೆ ಹೊದೆಯುತ್ತದೆ. ವರ್ಷವಿಡೀ ಎಣಿಸಿದ ಮಗುವಿಗೆ ಆ ಚಿಗುರು ಸ್ವಂತ ಮನೆಯ ಸುದ್ದಿ. ಕಾಂಡದ ಸುತ್ತಳತೆಯನ್ನು ದಾರದಲ್ಲಿ ಅಳೆದು, ಆ ದಾರವನ್ನು ಪುಸ್ತಕದಲ್ಲಿ ಅಂಟಿಸಿಡಿ. ಮುಂದಿನ ವರ್ಷ ಅದೇ ದಿನ ಮತ್ತೆ ಅಳೆಯಿರಿ.

ಹಕ್ಕಿಗಳಿಗೆ ಮೊದಲು ಕನ್ನಡದ ಹೆಸರನ್ನೇ ಹೇಳಿಕೊಡಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಬೆಳ್ಳಕ್ಕಿ, ಮಿಂಚುಳ್ಳಿ, ಹಾವಕ್ಕಿ, ಗೀಜಗ. ಹಾವಕ್ಕಿ ಈಜುವಾಗ ಕತ್ತು ಮಾತ್ರ ನೀರಿನ ಮೇಲೆ ಹಾವಿನ ಹಾಗೆ ಕಾಣುತ್ತದೆ. ಹೆಸರಿನಲ್ಲೇ ಅರ್ಧ ಪಾಠ ಇದೆ. ಕೆರೆ ಪರಿಚಯ ಆದಮೇಲೆ ನಾವು ಮತ್ತೆ ರಂಗನತಿಟ್ಟಿಗೂ ಹೋದೆವು, ಹೆಜ್ಜಾರ್ಲೆ, ಕೊಕ್ಕರೆಗಳು ಊರ ನಡುವಿನ ಮರಗಳಲ್ಲೇ ಗೂಡು ಕಟ್ಟುವ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೂ ಹೋದೆವು. ಈ ಸಲ ಮಗಳು ದೋಣಿಯಲ್ಲಿ ಬಾಯಿ ಮುಚ್ಚಲೇ ಇಲ್ಲ.

ಹೆಜ್ಜೆ 4: ಒಂದು ಸುತ್ತಾಟಕ್ಕೆ ಒಂದೇ ಪ್ರಶ್ನೆ

ಹೊರಡುವ ಹಿಂದಿನ ಸಂಜೆ ಒಂದು ಪ್ರಶ್ನೆ ಹುಡುಕಿಕೊಳ್ಳಿ. ಅದನ್ನು ಮಕ್ಕಳೇ ಕೇಳಿದರೆ ಇನ್ನೂ ಒಳ್ಳೆಯದು. ಅಲ್ಲಿ ಹೋಗಿ ಅಳೆದು, ಎಣಿಸಿ, ಮುಟ್ಟಿ, ಕೇಳಿ ಉತ್ತರ ಕಂಡುಕೊಳ್ಳುವಂಥ ಪ್ರಶ್ನೆ ಆಗಿರಬೇಕು.

ನಾವು ಸೋಮನಾಥಪುರಕ್ಕೆ ಹೋದದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಲ್ಲಿನ ಕೇಶವ ದೇವಾಲಯ 13ನೇ ಶತಮಾನದ್ದು, ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ್ದು. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇದನ್ನೆಲ್ಲ ನಾನು ಅಲ್ಲಿ ಹೇಳಲಿಲ್ಲ. ನಮ್ಮ ಪ್ರಶ್ನೆ ಒಂದೇ ಇತ್ತು: ಈ ಗುಡಿಗೆ ಇಷ್ಟೊಂದು ಮೂಲೆ ಹೇಗೆ ಬಂತು?

ಮಕ್ಕಳು ಜಗತಿಯ ಮೇಲೆ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆಯ ಮೇಲೆ, ಒಂದು ಗರ್ಭಗುಡಿಯ ಸುತ್ತ ನಡೆದು ಮೂಲೆಗಳನ್ನು ಎಣಿಸಿದರು. ಅದು 16 ಮೂಲೆಯ ನಕ್ಷತ್ರ. ಒಂದು ಭಾಗ ಮಂಟಪಕ್ಕೆ ಸೇರಿಕೊಂಡಿರುವುದರಿಂದ ಎಲ್ಲ ಮೂಲೆಯೂ ಕಾಣುವುದಿಲ್ಲ. ಕಾಣದ ಮೂಲೆಯನ್ನು ಊಹಿಸಬೇಕು. ಮನೆಗೆ ಬಂದು ಹಳೆ ಮದುವೆ ಪತ್ರಿಕೆಗಳಿಂದ ಒಂದೇ ಅಳತೆಯ ನಾಲ್ಕು ಚೌಕ ಕತ್ತರಿಸಿದೆವು. ಒಂದರ ಮೇಲೊಂದು ಇಟ್ಟು ನಡುವೆ ಗುಂಡುಪಿನ್ನು ಚುಚ್ಚಿದೆವು. ಒಂದೊಂದನ್ನೂ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೋದರೆ 16 ಮೂಲೆಯ ನಕ್ಷತ್ರ ಬಂದೇಬಿಟ್ಟಿತು. ಎಷ್ಟು ತಿರುಗಿಸಬೇಕು? ಸುತ್ತು 360 ಡಿಗ್ರಿ, ಮೂಲೆ 16, ಆದ್ದರಿಂದ 22.5 ಡಿಗ್ರಿ. ಕೋನಮಾಪಕ ಹಿಡಿಯಲು ಎರಡು ವಾರದಿಂದ ಒಲ್ಲೆ ಎನ್ನುತ್ತಿದ್ದ ಮಗಳು ಅವತ್ತು ತಾನೇ ಹುಡುಕಿ ತಂದಳು.

ಗುಡಿ ಕಟ್ಟಿದ್ದು ಬಳಪದ ಕಲ್ಲಿನಿಂದ. ಅದು ಮೆದು ಕಲ್ಲು, ಅದಕ್ಕೇ ಅಷ್ಟು ಸಣ್ಣ ಕೆತ್ತನೆ ಸಾಧ್ಯವಾಯಿತು. ಅದನ್ನು ಮಾತಿನಲ್ಲಿ ಹೇಳುವುದರ ಬದಲು ಇಬ್ಬರಿಗೂ ಒಂದೊಂದು ಬಟ್ಟೆ ಸೋಪು, ಚಮಚ, ಹೇರ್‌ಪಿನ್ ಕೊಟ್ಟೆ. ಮಗ ಆನೆ ಕೆತ್ತಲು ಹೋಗಿ ಸೊಂಡಿಲು ಮುರಿದುಕೊಂಡ. ಅಳು ಬಂತು. ಸ್ವಲ್ಪ ಹೊತ್ತಾದಮೇಲೆ, "ಅಮ್ಮ, ಅಲ್ಲಿ ಆನೆ ಸೊಂಡಿಲು ಗೋಡೆಗೆ ಅಂಟಿಕೊಂಡೇ ಇತ್ತು. ಬಿಡಿಯಾಗಿ ಇರಲಿಲ್ಲ" ಎಂದ. ಉಬ್ಬುಶಿಲ್ಪ ಅಂದರೇನು ಎಂದು ಎಂಟು ವರ್ಷದ ಹುಡುಗನಿಗೆ ಇದಕ್ಕಿಂತ ಚೆನ್ನಾಗಿ ನಾನು ಹೇಳಿಕೊಡಲು ಆಗುತ್ತಿರಲಿಲ್ಲ. ಅಲ್ಲಿನ ಶಿಲ್ಪಿ ಮಲ್ಲಿತಮ್ಮ ಮೂರ್ತಿಗಳ ಕೆಳಗೆ ತನ್ನ ಹೆಸರು ಕೆತ್ತಿದ್ದಾನೆ. ಎರಡನೇ ಸಲ ಹೋದಾಗ ಹಳಗನ್ನಡ ಅಕ್ಷರದಲ್ಲಿ ಆ ಹೆಸರು ಹುಡುಕುವುದೇ ನಮ್ಮ ಪ್ರಶ್ನೆಯಾಗಿತ್ತು.

ಇನ್ನು ಸಣ್ಣ ಸಂಗತಿಗಳು. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ. ಎಲ್ಲಿಗೇ ಹೋಗುವುದಿದ್ದರೂ ವಾರದ ನಡುವೆ, ಬಾಗಿಲು ತೆರೆಯುವ ಹೊತ್ತಿಗೆ ಹೋಗಿ. ಚೀಲದಲ್ಲಿ ನೀರು, ಟೋಪಿ, ಪೆನ್ಸಿಲ್, ಗೆರೆ ಇಲ್ಲದ ಪುಸ್ತಕ, ಅಳತೆ ಟೇಪು, ದಾರ, ಭೂತಕನ್ನಡಿ, ಚಿತ್ರಾನ್ನದ ಡಬ್ಬಿ. ಎರಡು ಗಂಟೆಗಿಂತ ಜಾಸ್ತಿ ನಿಲ್ಲಬೇಡಿ. ಮಕ್ಕಳು ಇನ್ನೂ ಇರೋಣ ಎನ್ನುವಾಗಲೇ ಹೊರಟುಬಿಡಿ.

ಹೆಜ್ಜೆ 5: ದಿನಪತ್ರಿಕೆಯಿಂದ ಒಂದು ಮಳೆಗಾಲದ ಪಾಠ

ಜೂನ್ ಬಂತೆಂದರೆ ನಮ್ಮ ಮನೆಯಲ್ಲಿ ಕೆಆರ್‌ಎಸ್ ಲೆಕ್ಕ ಶುರು. ಗೋಡೆಗೆ ಗ್ರಾಫ್ ಹಾಳೆ ಅಂಟಿಸುತ್ತೇವೆ. ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಅಲ್ಲಿಗೊಂದು ಕೆಂಪು ಗೆರೆ. ಪತ್ರಿಕೆಯಲ್ಲಿ ಬರುವ ನೀರಿನ ಮಟ್ಟವನ್ನು ದಿನಾ ಬೆಳಿಗ್ಗೆ ಮಗ ಚುಕ್ಕಿ ಇಟ್ಟು ಗುರುತು ಮಾಡುತ್ತಾನೆ. ದಶಮಾಂಶ ಕಲಿತದ್ದು ಇದರಿಂದಲೇ.

ಒಳಹರಿವು ಇಷ್ಟು ಕ್ಯುಸೆಕ್ ಎಂದು ಬರೆದಿರುತ್ತಾರಲ್ಲ, ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಒಂದು ಘನ ಅಡಿ ಎಷ್ಟಿರುತ್ತದೆ ಎಂದು ನೋಡಲು ರಟ್ಟಿನಿಂದ ಉದ್ದ, ಅಗಲ, ಎತ್ತರ ಎಲ್ಲ ಒಂದೊಂದು ಅಡಿ ಇರುವ ಪೆಟ್ಟಿಗೆ ಮಾಡಿದೆವು. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಬಚ್ಚಲಲ್ಲಿ ಇಟ್ಟು, ಸುತ್ತ ಹಿಡಿದುಕೊಂಡು ಲೀಟರ್ ಜಗ್ಗಿನಿಂದ ತುಂಬಿಸಿದೆವು. 28 ಲೀಟರ್ ಚಿಲ್ಲರೆ ಹಿಡಿಯಿತು. "ಸೆಕೆಂಡಿಗೆ ಇಂಥ ಹತ್ತು ಸಾವಿರ ಪೆಟ್ಟಿಗೆನಾ!" ಎಂದು ಮಗ ಬಾಯಿ ಬಿಟ್ಟು ನಿಂತ.

ಮಗಳ ಲೆಕ್ಕ ಅದಕ್ಕಿಂತ ಮುಂದಿನದು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು. ಭಾಗಿಸಿದರೆ, ದಿನವಿಡೀ 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ. ಒಳಹರಿವು 30,000, ಹೊರಹರಿವು 5,000 ಇದ್ದ ದಿನ ಕಟ್ಟೆಗೆ ಸೇರಿದ ನೀರು ಎರಡು ಟಿಎಂಸಿಗಿಂತ ಸ್ವಲ್ಪ ಜಾಸ್ತಿ. ಪೂರ್ತಿ ತುಂಬಿದರೆ 49.452 ಟಿಎಂಸಿ. ಇನ್ನು ಎಷ್ಟು ದಿನ ಬೇಕು? ಉತ್ತರ ಸರಿಯಾ ತಪ್ಪಾ ಎಂದು ನಾನು ಹೇಳಬೇಕಾಗಿಲ್ಲ, ಮುಂದಿನ ವಾರದ ಪತ್ರಿಕೆ ಹೇಳುತ್ತದೆ. ಕೊಡಗಿನಲ್ಲಿ ಜೋರು ಮಳೆ ಎಂಬ ಸುದ್ದಿ ಬಂದ ಮೇಲೆ ಒಳಹರಿವು ಏರುವುದನ್ನು ನೋಡಿ, ನೀರು ಯಾವ ದಾರಿಯಲ್ಲಿ ಬಂತು ಎಂದು ನಕ್ಷೆ ತೆರೆದರೆ ಭಾಗಮಂಡಲ, ಹಾರಂಗಿ, ಹೇಮಾವತಿ ಎಲ್ಲ ಸಿಗುತ್ತವೆ. ಭೂಗೋಳ ಅಂದರೆ ಇದೇ ತಾನೆ?

ಮನೆಯಲ್ಲೇ ಮಳೆ ಅಳೆಯಲು ಬುಡದಿಂದ ಬಾಯಿಯವರೆಗೆ ಒಂದೇ ಅಗಲ ಇರುವ ಡಬ್ಬಿ ಸಾಕು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. 600 ಚದರ ಅಡಿಯ ತಾರಸಿ ಸುಮಾರು 56 ಚದರ ಮೀಟರ್. 10 ಮಿಲಿಮೀಟರ್ ಮಳೆಗೆ 560 ಲೀಟರ್ ನೀರು ಚರಂಡಿ ಪಾಲು. ಈ ಲೆಕ್ಕ ಹಾಕಿದ ಮೇಲೆ ತಾರಸಿ ಪೈಪಿನ ಕೆಳಗೆ ಡ್ರಮ್ಮು ಇಡಿಸಿದ್ದು ಮಕ್ಕಳೇ.

ಹೆಜ್ಜೆ 6: ಅಡುಗೆಮನೆ, ಅಂಗಡಿ, ಅಜ್ಜಿ

ಮನೆಶಾಲೆ ಎಂದಾಗ ನಮ್ಮ ಅತ್ತೆಗೆ ಬಹಳ ಬೇಸರವಾಗಿತ್ತು. ಒಂದು ದಿನ ಅವರ ಹಿತ್ತಾಳೆ ಪಾವು ಕೇಳಿ ತಂದು, "ಅತ್ತೆ, ಇದರ ಲೆಕ್ಕ ನೀವೇ ಮಕ್ಕಳಿಗೆ ಹೇಳಿಕೊಡಿ" ಎಂದೆ. ನಾಲ್ಕು ಚಟಾಕು ಒಂದು ಪಾವು, ಎರಡು ಪಾವು ಅಚ್ಚೇರು, ನಾಲ್ಕು ಪಾವು ಒಂದು ಸೇರು. ಅಕ್ಕಿ ಸುರಿದು ಅಳೆದು ತೋರಿಸಿದರು. ಮಗನಿಗೆ ಕಾಲು, ಅರ್ಧ, ಮುಕ್ಕಾಲು, ಹದಿನಾರನೇ ಒಂದು ಭಾಗ, ಎಲ್ಲ ಅಂಗೈಗೆ ಬಂತು. ಈಗ ಮಧ್ಯಾಹ್ನದ ಒಂದು ಗಂಟೆ ಅಜ್ಜಿಯ ಕ್ಲಾಸು. ಅದನ್ನು ತಪ್ಪಿಸಿದರೆ ಅವರಿಗೇ ಸಿಟ್ಟು ಬರುತ್ತದೆ.

ದೋಸೆ ಹಿಟ್ಟನ್ನು ಮೂರು ಲೋಟದಲ್ಲಿ ಸಮನಾಗಿ ಹಾಕಿ, ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ಒಂದು ಫ್ರಿಜ್ಜಿನಲ್ಲಿ, ಒಂದು ಕಟ್ಟೆ ಮೇಲೆ, ಒಂದು ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಇಡಿ. ಗಂಟೆಗೊಮ್ಮೆ ನೋಡಿ ಬರೆಯಿರಿ. ದೇವರಾಜ ಮಾರುಕಟ್ಟೆಗೆ ಹೋದರೆ ಇನ್ನೂರು ರೂಪಾಯಿ ಮಕ್ಕಳ ಕೈಗೆ ಕೊಟ್ಟು ವಾರದ ತರಕಾರಿ ಅವರಿಂದಲೇ ತರಿಸಿ. ಹೂವು ಮೊಳದ ಲೆಕ್ಕದಲ್ಲಿ ಸಿಗುತ್ತದೆ. ಯಾರ ಮೊಳ ಎಷ್ಟು ಉದ್ದ ಎಂದು ಅಳೆದು ನೋಡಿದರೆ, ಜಗತ್ತಿಗೆಲ್ಲ ಒಂದೇ ಮೀಟರ್ ಯಾಕೆ ಬೇಕಾಯಿತು ಎಂದು ತಾವೇ ಕಂಡುಕೊಳ್ಳುತ್ತಾರೆ.

ಹೆಜ್ಜೆ 7: ಹವ್ಯಾಸವನ್ನು ಆಳಕ್ಕೆ ಇಳಿಯಲು ಬಿಡಿ

ಒಂದೇ ಸಲ ನಾಲ್ಕು ಕ್ಲಾಸಿಗೆ ಸೇರಿಸಬೇಡಿ. ಒಂದು ಮಗುವಿಗೆ ಒಂದು ಹವ್ಯಾಸ, ಆರು ತಿಂಗಳಾದರೂ ಇರಲಿ. ಬಿಚ್ಚುವ ಹುಚ್ಚಿನ ನನ್ನ ಮಗ ಈಗ ವಾರಕ್ಕೆರಡು ಸಂಜೆ ನಮ್ಮ ಬೀದಿಯ ಸೈಕಲ್ ಅಂಗಡಿಯಲ್ಲಿ ಕೂರುತ್ತಾನೆ. ಪಂಕ್ಚರ್ ಹಾಕುವುದು, ಚೈನಿಗೆ ಎಣ್ಣೆ, ಬ್ರೇಕ್ ಬಿಗಿ ಮಾಡುವುದು ಕಲಿತಿದ್ದಾನೆ. ಪೆಡಲಿನ ದೊಡ್ಡ ಹಲ್ಲುಚಕ್ರ ಒಂದು ಸುತ್ತು ತಿರುಗಿದರೆ ಹಿಂದಿನ ಸಣ್ಣ ಹಲ್ಲುಚಕ್ರ ಎಷ್ಟು ಸುತ್ತು ತಿರುಗುತ್ತದೆ ಎಂದು ಹಲ್ಲು ಎಣಿಸಿ ಹೇಳುತ್ತಾನೆ. ಅಂಗಡಿಯವರಿಗೆ ಮೊದಲೇ ಹೇಳಿ, ಒಪ್ಪಿಗೆ ಪಡೆದು, ಅವರ ಕೆಲಸಕ್ಕೆ ಅಡ್ಡ ಬರದ ಹೊತ್ತಿನಲ್ಲಿ ಕಳಿಸಿ. ಮೊದಲ ಕೆಲವು ದಿನ ನೀವೂ ಜೊತೆಗಿರಿ.

ಎಣಿಸುವ ಹುಚ್ಚಿನ ಮಗಳಿಗೆ ಚೌಕಾಬಾರ ಸಿಕ್ಕಿತು. ನಾಲ್ಕು ಕವಡೆ ಎಸೆದು ಎಲ್ಲ ಅಂಗಾತ ಬಿದ್ದರೆ ಚೌಕ, ಎಲ್ಲ ಬೋರಲು ಬಿದ್ದರೆ ಬಾರ, ಎಂಟು ಮನೆ. "ಬಾರ ಯಾಕೆ ಅಷ್ಟು ಅಪರೂಪ?" ಎಂದು ಕೇಳಿದಳು. ಮೊದಲು ನಾಲ್ಕು ನಾಣ್ಯದಲ್ಲಿ ನೋಡೋಣ ಎಂದೆ. ನಾಲ್ಕು ನಾಣ್ಯ ಬೀಳುವ ಬಗೆ ಒಟ್ಟು 16. ಎಲ್ಲವೂ ತಲೆ ಬೀಳುವುದು ಒಂದೇ ಬಗೆ, ಎರಡು ತಲೆ ಎರಡು ಬಾಲ ಬೀಳುವುದು ಆರು ಬಗೆ. ನೂರಾ ಅರವತ್ತು ಸಲ ಎಸೆದು ಗೆರೆ ಹಾಕಿದಳು. ಲೆಕ್ಕದ ಹತ್ತಿರವೇ ಬಂತು. ಆಮೇಲೆ ಕವಡೆಯಲ್ಲಿ ಅಷ್ಟೇ ಸಲ ಎಸೆದಳು. ಲೆಕ್ಕ ಬೇರೆಯೇ ಬಂತು! ಕವಡೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ, ಅದು ನಾಣ್ಯದ ಹಾಗೆ ಎರಡೂ ಕಡೆ ಸಮನಾಗಿ ಬೀಳುವುದಿಲ್ಲ ಎಂದು ತಾನೇ ಹೇಳಿದಳು. ಈಗ ಒಂದು ಕಡೆ ಉಜ್ಜಿದ ಹುಣಸೆ ಬೀಜದಲ್ಲಿ ಎಸೆಯುತ್ತಿದ್ದಾಳೆ.

ಹೆಜ್ಜೆ 8: ಸುತ್ತಾಟ ಕಲಿಸದೇ ಇರುವುದು

ಇದನ್ನು ಮರೆಮಾಚಬಾರದು. ಮಗ್ಗಿ, ಕಾಗುಣಿತ, ಒತ್ತಕ್ಷರ, ಒಂದು ಪುಟ ತಪ್ಪಿಲ್ಲದೆ ಬರೆಯುವುದು, ಇಂಗ್ಲಿಷ್ ಓದು, ಇವು ಕೆರೆಯಲ್ಲಿ ತಾವಾಗಿ ಬರುವುದಿಲ್ಲ. ದಿನಾ ಕೂತು ಅಭ್ಯಾಸ ಮಾಡಲೇಬೇಕು. ನಮ್ಮಲ್ಲಿ ಬೆಳಿಗ್ಗೆ ತಿಂಡಿ ಆದಮೇಲೆ ಗಣಿತಕ್ಕೆ ನಲವತ್ತು ನಿಮಿಷ, ಭಾಷೆಗೆ ನಲವತ್ತು ನಿಮಿಷ. ರಾಜ್ಯ ಸರ್ಕಾರದ ಪಠ್ಯಪುಸ್ತಕಗಳು ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತವೆ. ಮಗು ಯಾವ ಮಟ್ಟದಲ್ಲಿದೆ ಎಂದು ತಿಂಗಳಿಗೊಮ್ಮೆ ಅವುಗಳ ಜೊತೆ ಹೋಲಿಸಿ ನೋಡಿ.

ಓರಗೆಯ ಮಕ್ಕಳ ಒಡನಾಟವೂ ತಾನಾಗಿ ಸಿಗುವುದಿಲ್ಲ, ನಾವೇ ಒದಗಿಸಬೇಕು. ಸಂಜೆ ಐದರಿಂದ ಏಳು ಮೈದಾನದ ಹೊತ್ತು, ಆಗ ಪಾಠದ ಮಾತೇ ಇಲ್ಲ. ಕೆರೆಗೆ ಹೋಗುವಾಗ ಇನ್ನೊಂದು ಮನೆಯ ಮಕ್ಕಳನ್ನೂ ಕರೆದುಕೊಂಡು ಹೋಗಿ.

ಹೆಜ್ಜೆ 9: ಬರೆದಿಡಿ

ಮಗುವಿಗೊಂದು ಇನ್ನೂರು ಪುಟದ ಪುಸ್ತಕ. ಸುತ್ತಾಟದ ದಿನ ಸಂಜೆ ತಾರೀಖು, ಜಾಗ, ಹವೆ, ಪ್ರಶ್ನೆ, ಸಿಕ್ಕ ಉತ್ತರ, ಒಂದು ಚಿತ್ರ. ಫೋಟೋಗಿಂತ ಚಿತ್ರವೇ ಮೇಲು. ಕೊಕ್ಕರೆಯ ಕೊಕ್ಕು ಬಿಡಿಸಬೇಕಾದರೆ ಅದು ನೇರವಾ, ಬಾಗಿದೆಯಾ ಎಂದು ನೋಡಲೇಬೇಕಾಗುತ್ತದೆ. ಕಾಗುಣಿತದ ತಪ್ಪನ್ನು ಈ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ತಿದ್ದಬೇಡಿ. ತಿದ್ದಿದರೆ ಮಕ್ಕಳು ಗೊತ್ತಿರುವ ಪದ ಬಿಟ್ಟು ಬೇರೆ ಬರೆಯುವುದೇ ಇಲ್ಲ. ತಪ್ಪಾದ ಪದಗಳನ್ನು ನೀವು ಗುರುತು ಮಾಡಿಕೊಂಡು ಮಾರನೇ ದಿನದ ಭಾಷೆಯ ಪಾಠದಲ್ಲಿ ಹೇಳಿಕೊಡಿ.

ಹೆಜ್ಜೆ 10: ಹತ್ತನೇ ತರಗತಿ ಪರೀಕ್ಷೆ

ಹೆಚ್ಚಿನ ಮನೆಶಾಲೆಯವರು ಹಿಡಿಯುವ ದಾರಿ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. ಇದು 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮಂಡಳಿ. 14 ವರ್ಷ ತುಂಬಿದವರು ಹತ್ತನೇ ತರಗತಿಗೆ ಸಮನಾದ ಸೆಕೆಂಡರಿ ಕೋರ್ಸಿಗೆ ನೋಂದಣಿ ಮಾಡಿಸಬಹುದು. ಪ್ರಮಾಣಪತ್ರಕ್ಕೆ ಐದು ವಿಷಯ ಪಾಸಾಗಬೇಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ಕನ್ನಡವನ್ನೂ ತೆಗೆದುಕೊಳ್ಳಬಹುದು. ಎಲ್ಲವನ್ನೂ ಒಟ್ಟಿಗೆ ಬರೆಯಬೇಕೆಂದಿಲ್ಲ. ನೋಂದಣಿ ಐದು ವರ್ಷ ಇರುತ್ತದೆ, ಅಷ್ಟರಲ್ಲಿ ಒಂಬತ್ತು ಅವಕಾಶ. ಸಾರ್ವಜನಿಕ ಪರೀಕ್ಷೆ ವರ್ಷಕ್ಕೆರಡು ಸಲ, ಏಪ್ರಿಲ್ ಹೊತ್ತಿಗೆ ಒಮ್ಮೆ, ಅಕ್ಟೋಬರ್ ಹೊತ್ತಿಗೆ ಒಮ್ಮೆ. ಚಿಕ್ಕ ಮಕ್ಕಳಿಗೆ ಎ, ಬಿ, ಸಿ ಎಂಬ ಹಂತಗಳಿವೆ, ಅವು 3, 5, 8ನೇ ತರಗತಿಗೆ ಸಮ. ಶುಲ್ಕ ಮತ್ತು ಕೊನೆಯ ದಿನ ಬದಲಾಗುತ್ತಿರುತ್ತವೆ, ಆ ವರ್ಷದ ಪ್ರಾಸ್ಪೆಕ್ಟಸ್ ನೋಡಿಯೇ ಹಣ ಕಟ್ಟಿ.

ಹನ್ನೆರಡು ದಾಟಿದ ಮೇಲೆ ಒಂದು ಅಭ್ಯಾಸ ಸೇರಿಸಿ. ತಿಂಗಳಿಗೊಮ್ಮೆ ಗಡಿಯಾರ ಎದುರಿಗಿಟ್ಟು, ಒಂದೇ ಕಡೆ ಕೂತು ಬರೆಯುವುದು. ಮೊದಲು ಅರ್ಧ ಗಂಟೆ, ಮುಂದಿನ ವರ್ಷ ಒಂದು ಗಂಟೆ, ಹದಿನಾಲ್ಕರ ಹೊತ್ತಿಗೆ ಮೂರು ಗಂಟೆ. ಮನೆಶಾಲೆ ಮಕ್ಕಳಿಗೆ ಪರೀಕ್ಷೆಯಲ್ಲಿ ಕಷ್ಟವಾಗುವುದು ವಿಷಯ ಗೊತ್ತಿಲ್ಲದೆ ಅಲ್ಲ, ಅಷ್ಟು ಹೊತ್ತು ಕೂತು ಬರೆದು ರೂಢಿ ಇಲ್ಲದೆ. ಮುಂದಿನ ಜೂನಿನಿಂದ ಮಗಳು ಇದನ್ನು ಶುರು ಮಾಡುತ್ತಾಳೆ. ಮೊದಲ ಬರಹದ ವಿಷಯ ಆಗಲೇ ಆರಿಸಿಟ್ಟಿದ್ದಾಳೆ: ನೀರುಕಾಗೆ.